ಹಳೆಯ ಯಂತ್ರ: ರಿಪೇರಿಯೋ, ಬದಲಿಯೋ?

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರಗಳಲ್ಲಿ, ಕುಣಿಗಲ್ಲಿನ ಅಂಚೇಪಾಳ್ಯದಲ್ಲಿ ಇರುವ ಸಣ್ಣ ವರ್ಕ್‌ಶಾಪುಗಳ ಮಾಲೀಕರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದಿದೆ. ಹದಿನೈದೋ ಇಪ್ಪತ್ತೋ ವರ್ಷ ದುಡಿದ ಸಿಎನ್‌ಸಿ ಲೇತು ನಿಂತುಹೋಗಿದೆ. ರಿಪೇರಿ ಮಾಡಿಸುವುದೇ, ಮಾರಿ ಹೊಸದು ತರುವುದೇ? ಮೇಲ್ನೋಟಕ್ಕೆ ಇದು ಬರೀ ಹಣದ ಲೆಕ್ಕ. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಐವತ್ತು ವರ್ಷಗಳ ಹಿಂದೆ ಲೇತು ಇಟ್ಟುಕೊಂಡವರಿಗೆ ಈ ಚಿಂತೆ ಇಷ್ಟು ಕಾಡುತ್ತಿರಲಿಲ್ಲ. ಯಂತ್ರ ಕೆಟ್ಟರೆ ರಿಪೇರಿ, ಅಷ್ಟೇ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಯಂತ್ರದ ಒಳಗೇ ಒಂದು ಬದಲಾವಣೆ ನಡೆದುಹೋಯಿತು.

ಕನ್ನಡ ನಾಡಿನಲ್ಲಿ ಯಂತ್ರ ಮಾಡುವ ಯಂತ್ರಗಳ ಕಥೆ ಹರಿಹರದಿಂದ ಆರಂಭವಾಗುತ್ತದೆ. ಅಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳನ್ನು ಸೇರಿದವು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿಯನ್ನು ಬೆಂಗಳೂರಿನ ಜಾಲಹಳ್ಳಿಯಲ್ಲಿ ಕಟ್ಟಿತು. ಅದರ ಆಸುಪಾಸಿನಲ್ಲಿ, ತುಮಕೂರು ರಸ್ತೆಯ ಮೇಲೆ, 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ತಲೆಯೆತ್ತಿತು. ಇದಕ್ಕೆ ನೆರವಾದದ್ದು ಆಗಿನ ಚೆಕೊಸ್ಲೊವಾಕಿಯಾ. ಯಂತ್ರೋಪಕರಣದ ಸಂಶೋಧನೆಗೆಂದೇ ಮೀಸಲಾದ ಈ ಸಂಸ್ಥೆಯನ್ನು ಇಂದು ಸಿಎಂಟಿಐ ಎಂಬ ಹೆಸರಿನಿಂದ ಎಲ್ಲರೂ ಬಲ್ಲರು. ಭಾರತ್ ಫ್ರಿಟ್ಜ್ ವರ್ನರ್ ಕಂಪನಿ ಬಂದದ್ದೂ ಅದೇ ಕಾಲದಲ್ಲಿ, ಅದೇ ರಸ್ತೆಯ ಬದಿಗೆ. ಆಮೇಲೆ ಪೀಣ್ಯ ಬೆಳೆಯಿತು. 2007ರಲ್ಲಿ ದೇಶದ ದೊಡ್ಡ ಯಂತ್ರೋಪಕರಣ ಪ್ರದರ್ಶನವಾದ ಇಮ್‌ಟೆಕ್ಸ್ ಕೂಡ ಮಾದಾವರದ ಬಳಿಯ ಪ್ರದರ್ಶನ ಕೇಂದ್ರಕ್ಕೆ, ಅಂದರೆ ಮತ್ತೆ ತುಮಕೂರು ರಸ್ತೆಗೇ ಬಂತು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕುಳಿತರೆ ಭಾರತದ ಯಂತ್ರೋಪಕರಣ ಉದ್ಯಮದ ಚರಿತ್ರೆಯ ಅರ್ಧ ಭಾಗ ಕಣ್ಣಮುಂದೆ ಹಾದುಹೋಗುತ್ತದೆ. ತುಮಕೂರು ಜಿಲ್ಲೆಯ ವರ್ಕ್‌ಶಾಪುಗಳು ಈ ರಸ್ತೆಯ ಮುಂದುವರಿಕೆ.

ಆ ಮೊದಲ ತಲೆಮಾರಿನ ಲೇತುಗಳ ಗುಣವೇ ಬೇರೆ. ಅವುಗಳ ಮೈಯೆಲ್ಲ ಎರಕದ ಕಬ್ಬಿಣ. ಹಿಂದೆ ಬೆಡ್ಡಿನ ಎರಕ ಹೊಯ್ದ ಮೇಲೆ ಅದನ್ನು ತಕ್ಷಣ ಉಜ್ಜಿ ನಯ ಮಾಡುತ್ತಿರಲಿಲ್ಲ. ತಿಂಗಳುಗಟ್ಟಲೆ ಬಿಸಿಲು ಮಳೆಗೆ ಒಡ್ಡಿ ಬಯಲಿನಲ್ಲಿ ಬಿಡುವ ಪದ್ಧತಿ ಇತ್ತು. ಎರಕ ತಣಿಯುವಾಗ ಒಳಗೆ ಉಳಿದ ಬಿಗುವು ನಿಧಾನವಾಗಿ ಇಳಿಯಲಿ, ಮುಂದೆ ಬೆಡ್ಡು ಸೊಟ್ಟಗಾಗದಿರಲಿ ಎಂಬುದು ಅದರ ಉದ್ದೇಶ. ಆಮೇಲೆ ನುರಿತ ಫಿಟ್ಟರ್ ಸ್ಕ್ರೇಪರ್ ಹಿಡಿದು ಕೂರುತ್ತಿದ್ದ. ಸಮತಟ್ಟಾದ ಫಲಕಕ್ಕೆ ನೀಲಿ ಬಣ್ಣ ಹಚ್ಚಿ ಬೆಡ್ಡಿನ ಮೇಲೆ ಉಜ್ಜುವುದು, ನೀಲಿ ಅಂಟಿದ ಉಬ್ಬನ್ನು ಎಳೆ ಎಳೆಯಾಗಿ ಕೆರೆಯುವುದು, ಮತ್ತೆ ಬಣ್ಣ ಹಚ್ಚುವುದು. ಹೀಗೆ ದಿನಗಟ್ಟಲೆ. ಇಂಥ ಲೇತು ಸವೆದರೆ ಮತ್ತೆ ಸ್ಕ್ರೇಪ್ ಮಾಡಬಹುದು. ಗೇರಿನ ಹಲ್ಲು ಮುರಿದರೆ ಹತ್ತಿರದ ಎರಕದ ಮನೆಯಲ್ಲಿ ಹೊಯ್ಸಿ, ಪಕ್ಕದ ವರ್ಕ್‌ಶಾಪಿನಲ್ಲಿ ಹಲ್ಲು ಕೊಯ್ಸಬಹುದು. ಬುಷ್ ಸವೆದರೆ ಇನ್ನೊಂದು ಲೇತಿನ ಮೇಲೇ ಹೊಸ ಬುಷ್ ತೆಗೆಯಬಹುದು. ಲೇತಿಗೆ ಬೇಕಾದದ್ದನ್ನು ಲೇತೇ ಮಾಡಿಕೊಡುತ್ತಿತ್ತು. ರಿಪೇರಿಯೋ ಬದಲಿಯೋ ಎಂಬ ಪ್ರಶ್ನೆ ಆಗ ಕಾಡದಿದ್ದದ್ದು ಇದೇ ಕಾರಣಕ್ಕೆ.

ಈ ಲೋಕಕ್ಕೆ ಬಿರುಕು ಬಿದ್ದದ್ದು ದೂರದ ಅಮೆರಿಕದಲ್ಲಿ. 1952ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ, ಅಂದರೆ ಎಂಐಟಿ, ರಂಧ್ರ ಕೊರೆದ ಪಟ್ಟಿಯಲ್ಲಿನ ಅಂಕಿಗಳನ್ನು ಓದಿ ತಾನೇ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿತು. ವಿಮಾನದ ರೆಕ್ಕೆಯಂಥ ಸಂಕೀರ್ಣ ಬಾಗುಗಳನ್ನು ಕೈಯಿಂದ ಕೊರೆಯುವುದು ಕಷ್ಟವಾದ್ದರಿಂದ ಅಮೆರಿಕದ ವಾಯುಪಡೆ ಇದಕ್ಕೆ ಹಣ ಹೂಡಿತ್ತು. ಆ ಯಂತ್ರದ ನಿಯಂತ್ರಕದಲ್ಲಿ ರೇಡಿಯೊದಲ್ಲಿರುವಂಥ ನೂರಾರು ವಾಲ್ವುಗಳು. ಜಪಾನಿನಲ್ಲಿ ಫುಜಿತ್ಸು ಕಂಪನಿಯ ಸೀಯುಎಮೊನ್ ಇನಾಬಾ 1956ರಲ್ಲಿ ಇದೇ ಕೆಲಸಕ್ಕೆ ಕೈ ಹಾಕಿದರು. ಅದೇ ವಿಭಾಗ 1972ರಲ್ಲಿ ಫ್ಯಾನುಕ್ ಎಂಬ ಪ್ರತ್ಯೇಕ ಕಂಪನಿಯಾಯಿತು. ನಂತರ ಮೈಕ್ರೊಪ್ರೊಸೆಸರ್ ಬಂತು, ಅಂಕಿ ನಿಯಂತ್ರಣ ಕಂಪ್ಯೂಟರಿನ ಕೈಗೆ ಹೋಯಿತು, ಯಂತ್ರಗಳ ಹೆಸರಿನ ಹಿಂದೆ ಸಿಎನ್‌ಸಿ ಎಂಬ ಮೂರಕ್ಷರ ಅಂಟಿಕೊಂಡಿತು. ಪಟ್ಟಿಯ ಕಾಲ ಮುಗಿದರೂ ಅದರ ನೆನಪು ಹೋಗಲಿಲ್ಲ. ಫ್ಯಾನುಕ್ ನಿಯಂತ್ರಕಗಳ ಸ್ಮರಣಶಕ್ತಿಯನ್ನು ಬಹುಕಾಲ ಅಳೆಯುತ್ತಿದ್ದದ್ದು ಮೀಟರಿನಲ್ಲಿ. 80 ಮೀಟರ್ ಮೆಮೊರಿ ಎಂದರೆ 80 ಮೀಟರ್ ಉದ್ದದ ಪಟ್ಟಿಯಲ್ಲಿ ಹಿಡಿಸುವಷ್ಟು ಪ್ರೋಗ್ರಾಂ. ಬಟ್ಟೆ ಅಂಗಡಿಯಲ್ಲಿ ಕೇಳಬೇಕಾದ ಅಳತೆ ವರ್ಕ್‌ಶಾಪಿನಲ್ಲಿ ಕೇಳಿಬಂದರೆ ಹೊಸಬರು ತಬ್ಬಿಬ್ಬಾಗುವುದು ಸಹಜ.

ಸಿಎನ್‌ಸಿ ಬಂದ ಮೇಲೆ ಒಂದೇ ಯಂತ್ರದೊಳಗೆ ಮೂರು ಬಗೆಯ ಆಯಸ್ಸು ಸೇರಿಕೊಂಡಿತು. ಬೆಡ್ಡು ಮತ್ತು ಕಂಬದ ಎರಕ ಸರಿಯಾಗಿ ನೋಡಿಕೊಂಡರೆ ಮಾಲೀಕನ ಮಗನ ಕಾಲಕ್ಕೂ ಬಾಳುತ್ತದೆ. ಬಾಲ್‌ಸ್ಕ್ರೂ, ಸ್ಪಿಂಡಲ್ ಬೇರಿಂಗುಗಳಂಥ ಚಲಿಸುವ ಭಾಗಗಳು ದುಡಿತಕ್ಕೆ ತಕ್ಕಂತೆ ಸವೆಯುತ್ತವೆ, ಆದರೆ ಅವನ್ನು ಬದಲಿಸಬಹುದು. ಮೂರನೆಯದು ವಿದ್ಯುನ್ಮಾನ ಭಾಗ. ಇದು ಸವೆದು ಸಾಯುವುದಲ್ಲ, ಬಳಕೆ ತಪ್ಪಿ ಸಾಯುತ್ತದೆ. ತಯಾರಿಸುವ ಕಂಪನಿಯೇ ಅದನ್ನು ನಿಲ್ಲಿಸಿ ಮುಂದಿನ ಮಾದರಿಗೆ ಹೋಗಿರುತ್ತದೆ. ಲೇತಿನಲ್ಲಿ ಬುಷ್ ತೆಗೆಯಬಹುದು, ಸರ್ಕ್ಯೂಟ್ ಬೋರ್ಡು ತೆಗೆಯಲು ಬರುವುದಿಲ್ಲ. ಇವತ್ತಿನ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ತುಮಕೂರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಬಹಳ ದೊಡ್ಡ ಪ್ರಮಾಣದಲ್ಲಿ ಅದು ಒಮ್ಮೆ ಈ ಊರನ್ನು ತಟ್ಟಿದೆ.

ಗಡಿಯಾರದ ಪಾಠ

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ತಯಾರಿಕೆ ಮನೆಮಾತಾಯಿತು. ಬೇಡಿಕೆ ಹೆಚ್ಚಿದಂತೆ ಕಾರ್ಖಾನೆಗಳೂ ಹೆಚ್ಚಿ, 1978ರಲ್ಲಿ ತುಮಕೂರಿನಲ್ಲಿ ಗಡಿಯಾರ ಕಾರ್ಖಾನೆ ಆರಂಭವಾಯಿತು. ಮೈಕ್ರಾನ್ ಲೆಕ್ಕದ ಕೆಲಸ ಈ ಊರಿಗೆ ಬಂದದ್ದು ಅದರ ಮೂಲಕ. ಕೂದಲೆಳೆಯಷ್ಟು ಸಣ್ಣ ಸ್ಕ್ರೂ, ಅಕ್ಕಿಕಾಳಿಗಿಂತ ಚಿಕ್ಕ ಗಾಲಿ, ಅವನ್ನು ಕೊರೆಯುವ ಸೂಕ್ಷ್ಮ ಯಂತ್ರಗಳು, ಅವನ್ನು ಸುಸ್ಥಿತಿಯಲ್ಲಿಡುವ ಫಿಟ್ಟರುಗಳು. ಕೀ ಕೊಡುವ ಗಡಿಯಾರಕ್ಕೆ ಬೇಕಾದದ್ದೆಲ್ಲ ಇತ್ತು.

ಆದರೆ ಕಾಲ ಅನುಕೂಲವಾಗಿರಲಿಲ್ಲ. ಜಪಾನಿನ ಸೀಕೊ ಕಂಪನಿ 1969ರ ಡಿಸೆಂಬರಿನಲ್ಲೇ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತ್ತು. ತುಮಕೂರಿನ ಕಾರ್ಖಾನೆ ಶುರುವಾಗುವ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಗಡಿಯಾರ ಊರುಗಳೇ ಕ್ವಾರ್ಟ್ಜಿನ ಹೊಡೆತಕ್ಕೆ ತತ್ತರಿಸುತ್ತಿದ್ದವು. 1985ರಲ್ಲಿ ತುಮಕೂರು ಕಾರ್ಖಾನೆಯ ಒಂದು ಭಾಗವನ್ನು ಕ್ವಾರ್ಟ್ಜ್ ಗಡಿಯಾರಕ್ಕೆ ಬದಲಿಸಲಾಯಿತು. ಅಂದರೆ ಅರ್ಧ ಹಳೆಯದು, ಅರ್ಧ ಹೊಸದು. ಅದೇ ವೇಳೆಗೆ, 1984ರಲ್ಲಿ ಹುಟ್ಟಿದ ಟೈಟಾನ್ ಹಳೆಯ ಯಂತ್ರಗಳ ಹೊರೆ ಇಲ್ಲದೆ ಹೊಸೂರಿನಲ್ಲಿ ನೇರವಾಗಿ ಕ್ವಾರ್ಟ್ಜಿಗೇ ಕಾರ್ಖಾನೆ ಕಟ್ಟಿತು. ಮುಂದಿನದು ತಿಳಿದ ಕಥೆಯೇ. 2000ದ ವೇಳೆಗೆ ಎಚ್‌ಎಂಟಿಯ ಗಡಿಯಾರ ವಿಭಾಗ ಪ್ರತ್ಯೇಕ ಕಂಪನಿಯಾಯಿತು, ನಷ್ಟ ನಿಲ್ಲಲಿಲ್ಲ, 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ನಂತರ ಬಾಹ್ಯಾಕಾಶ ಸಂಸ್ಥೆ ಇಸ್ರೊ ಪಾಲಾಯಿತು.

ಈ ಪ್ರಕರಣವನ್ನು ಸರ್ಕಾರಿ ಉದ್ಯಮದ ನಿಧಾನಗತಿಗೆ ಉದಾಹರಣೆಯಾಗಿ ಬಳಸುವವರೇ ಹೆಚ್ಚು. ಅದರಲ್ಲಿ ನಿಜವೂ ಉಂಟು. ಆದರೆ ವರ್ಕ್‌ಶಾಪಿನ ಮಾಲೀಕ ಇದನ್ನು ಬೇರೆ ರೀತಿ ಓದಬೇಕು. ಗಡಿಯಾರದ ಬಿಡಿಭಾಗ ಮಾಡುವ ಯಂತ್ರವನ್ನು ಎಷ್ಟೇ ಚೆನ್ನಾಗಿ ರಿಪೇರಿ ಮಾಡಿಟ್ಟರೂ ಆ ಬಿಡಿಭಾಗವೇ ಯಾರಿಗೂ ಬೇಡವಾದರೆ ಪ್ರಯೋಜನವಿಲ್ಲ. ಯಂತ್ರದ ವಯಸ್ಸಿಗಿಂತ ಮೊದಲು ಕೇಳಬೇಕಾದದ್ದು ಜಾಬಿನ ವಯಸ್ಸನ್ನು.

ಹಲ್ಲು ನೋಡುವ ಬಗೆ

ಹೈದರ್, ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು ಕುಣಿಗಲ್. ಕುದುರೆಯ ವಯಸ್ಸನ್ನು ಬಲ್ಲವರು ಹಲ್ಲು ನೋಡಿ ಹೇಳುತ್ತಾರೆ. ಸಿಎನ್‌ಸಿ ಯಂತ್ರದ ಹಲ್ಲು ಅದರ ಬಾಲ್‌ಸ್ಕ್ರೂ. ಸ್ಕ್ರೂ ಮತ್ತು ನಟ್ಟಿನ ನಡುವೆ ಉಕ್ಕಿನ ಗುಂಡುಗಳು ಉರುಳುತ್ತ ಟೂಲನ್ನು ಹಿಂದೆ ಮುಂದೆ ಒಯ್ಯುತ್ತವೆ. ಇವು ಸವೆದಾಗ ದಿಕ್ಕು ಬದಲಿಸುವ ಕ್ಷಣದಲ್ಲಿ ಒಂದಿಷ್ಟು ಸಡಿಲ ಕಾಣಿಸುತ್ತದೆ. ಡಯಲ್ ಗೇಜ್ ಇಟ್ಟು ಇದನ್ನು ಅಳೆಯುವುದು ಯಾವ ಟರ್ನರಿಗೂ ಗೊತ್ತು. ಆ ಸಡಿಲದ ಅಂಕಿಯನ್ನು ನಿಯಂತ್ರಕಕ್ಕೆ ತುಂಬಿದರೆ ಅದು ಲೆಕ್ಕ ಹಾಕಿ ಸರಿದೂಗಿಸುತ್ತದೆ.

ಹಳೆಯ ಯಂತ್ರ ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಇಡೀ ಸ್ಕ್ರೂ ಒಂದೇ ಸಮನೆ ಸವೆದಿದ್ದರೆ ಈ ಸರಿದೂಗಿಕೆ ನಡೆಯುತ್ತದೆ. ಆದರೆ ವರ್ಷಗಟ್ಟಲೆ ಒಂದೇ ಅಳತೆಯ ಜಾಬ್ ಓಡಿಸಿದ ಯಂತ್ರದಲ್ಲಿ ಸವೆತ ಒಂದೇ ಕಡೆ, ಚಕ್ಕಿಗೆ ಹತ್ತಿರದ ತುಂಡಿನಲ್ಲಿ, ಹೆಚ್ಚಾಗಿರುತ್ತದೆ. ಅಲ್ಲಿಗೆ ಸರಿಹೊಂದಿಸಿದರೆ ಮತ್ತೊಂದು ತುದಿಯಲ್ಲಿ ತಪ್ಪುತ್ತದೆ. ಆದ್ದರಿಂದ ಅಳತೆಯನ್ನು ಒಂದು ಕಡೆ ಅಲ್ಲ, ಉದ್ದಕ್ಕೂ ನಾಲ್ಕೈದು ಕಡೆ ತೆಗೆಯಬೇಕು. ಸ್ಪಿಂಡಲಿನ ಓಲಾಟ, ಬೇರಿಂಗಿನ ಸದ್ದು, ಒಂದು ಗಂಟೆ ಓಡಿದ ಮೇಲೆ ಅದು ಎಷ್ಟು ಬಿಸಿಯಾಗುತ್ತದೆ ಎಂಬುದನ್ನೂ ನೋಡಬೇಕು. ಸ್ಕ್ರೂ, ಬೇರಿಂಗ್ ಎರಡೂ ಹೋಗಿದ್ದು ಬೆಡ್ಡು ಗಟ್ಟಿಯಾಗಿದ್ದರೆ ರಿಪೇರಿಯ ಕಡೆ ವಾಲಬಹುದು. ಬೆಡ್ಡಿನ ಹಳಿಯೇ ಸವೆದಿದ್ದರೆ ಕಥೆ ಬೇರೆ.

ವಿದ್ಯುನ್ಮಾನದ ಪರೀಕ್ಷೆ ಇನ್ನೊಂದು ತೆರನಾದದ್ದು. ಅಲ್ಲಿ ಕೇಳಬೇಕಾದ್ದು ಏನು ಕೆಟ್ಟಿದೆ ಎಂದಲ್ಲ, ಕೆಟ್ಟರೆ ಎಲ್ಲಿ ಸಿಗುತ್ತದೆ ಎಂದು. ಫ್ಯಾನುಕ್ ಕಂಪನಿ ಗಿರಾಕಿ ಯಂತ್ರ ಬಳಸುವವರೆಗೂ ಸೇವೆ ಕೊಡುವ ನೀತಿಯನ್ನು ತನ್ನ ಹೆಗ್ಗಳಿಕೆಯಾಗಿ ಹೇಳಿಕೊಂಡು ಬಂದಿದೆ. ಎಲ್ಲ ತಯಾರಕರೂ ಹಾಗಲ್ಲ. ಮಾದರಿ ನಿಲ್ಲಿಸಿದ ಮೇಲೆ ಕೆಲವು ವರ್ಷ ಮಾತ್ರ ಬಿಡಿಭಾಗ ಕೊಟ್ಟು ಕೈತೊಳೆದುಕೊಳ್ಳುವ ಕಂಪನಿಗಳಿವೆ. ತಯಾರಕನೇ ಬಾಗಿಲು ಮುಚ್ಚಿದ ನಿಯಂತ್ರಕಗಳೂ ಇವೆ. ಅಂಥದ್ದಕ್ಕೆ ಇರುವ ದಾರಿ ಎರಡು. ಹಳೆಯ ಬೋರ್ಡನ್ನು ಬಿಡಿಬಿಡಿಯಾಗಿ ರಿಪೇರಿ ಮಾಡುವ ಕೈಗಳನ್ನು ಬೆಂಗಳೂರಿನಲ್ಲಿ ಹುಡುಕುವುದು, ಇಲ್ಲವೇ ರೆಟ್ರೊಫಿಟ್. ರೆಟ್ರೊಫಿಟ್ ಎಂದರೆ ಎರಕದ ಮೈಯನ್ನು ಉಳಿಸಿಕೊಂಡು ನಿಯಂತ್ರಕ, ಮೋಟಾರು, ತಂತಿ ಎಲ್ಲವನ್ನೂ ಹೊಸದಾಗಿ ಹಾಕುವುದು. ಎಚ್‌ಎಂಟಿ ಮೆಷಿನ್ ಟೂಲ್ಸ್ ಕಂಪನಿಯೇ ಹಳೆಯ ಯಂತ್ರಗಳನ್ನು ಹೀಗೆ ಹೊಸದಾಗಿಸುವ ಕೆಲಸವನ್ನು ಒಂದು ಕಸುಬಾಗಿ ನಡೆಸಿದೆ.

ಒಂದು ಸಣ್ಣ ವಿಷಯವನ್ನು ಇಲ್ಲಿ ಹೇಳದಿದ್ದರೆ ಆಗದು. ಎಷ್ಟೋ ಹಳೆಯ ಯಂತ್ರಗಳು ಸತ್ತದ್ದು ಮುಪ್ಪಿನಿಂದಲ್ಲ, ಬ್ಯಾಟರಿಯಿಂದ. ಹಳೆಯ ಫ್ಯಾನುಕ್ ನಿಯಂತ್ರಕಗಳಲ್ಲಿ ಯಂತ್ರದ ಗುಣಲಕ್ಷಣಗಳನ್ನೆಲ್ಲ ಹೇಳುವ ನೂರಾರು ಅಂಕಿಗಳು, ಅಂದರೆ ಪ್ಯಾರಾಮೀಟರುಗಳು, ಬ್ಯಾಟರಿಯ ಬಲದಲ್ಲಿ ಉಳಿದಿರುತ್ತವೆ. ಬ್ಯಾಟರಿ ಸೋತು, ವಿದ್ಯುತ್ತೂ ಇಲ್ಲದಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ. ಬ್ಯಾಟರಿ ಬದಲಿಸುವಾಗ ಯಂತ್ರದ ಪವರ್ ಚಾಲೂ ಇರಬೇಕೆಂಬ ನಿಯಮ ಮರೆತು, ಸುರಕ್ಷತೆಗೆಂದು ಮೇನ್ ಆಫ್ ಮಾಡಿ ಕೆಲಸ ಕೆಡಿಸಿಕೊಳ್ಳುವುದೂ ಉಂಟು. ಪ್ಯಾರಾಮೀಟರುಗಳ ಪಟ್ಟಿಯನ್ನು ತಯಾರಕರು ಕಾಗದದಲ್ಲಿ ಮುದ್ರಿಸಿ ಪ್ಯಾನೆಲ್ ಬಾಗಿಲಿನ ಒಳಗೆ ಇಟ್ಟು ಕಳಿಸುತ್ತಿದ್ದರು. ಆ ಕಾಗದ ಕಳೆದುಹೋದ ಯಂತ್ರಕ್ಕೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದು ಸಹಜ.

ಇನ್ನು ರಿಪೇರಿ ಮಾಡುವ ಮನುಷ್ಯ. ಹರಿಹರದ ಮೈಸೂರು ಕಿರ್ಲೋಸ್ಕರ್ 2000ದ ದಶಕದ ಆರಂಭದಲ್ಲಿ ನಿಂತುಹೋಯಿತು. ಎಚ್‌ಎಂಟಿಯ ಸಿಬ್ಬಂದಿ ಕರಗಿತು. ಸ್ಕ್ರೇಪರ್ ಹಿಡಿದು ನೀಲಿ ನೋಡುವ ಕೈಗಳನ್ನು ಬೆಳೆಸಿದ್ದು ಈ ದೊಡ್ಡ ಕಾರ್ಖಾನೆಗಳೇ. ಅಂಥ ವಿದ್ಯೆ ಪುಸ್ತಕದಿಂದ ಬರುವುದಲ್ಲ, ಹಿರಿಯ ಫಿಟ್ಟರ್ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕಲಿಯುವಂಥದ್ದು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ರಾಜ್ಯದ ಹಲವು ಊರುಗಳಲ್ಲಿ ಹುಡುಗರನ್ನು ತಯಾರು ಮಾಡುತ್ತಿದೆ. ಅವರಲ್ಲಿ ಪ್ರೋಗ್ರಾಂ ಬರೆಯಬಲ್ಲವರು ಬೇಕಾದಷ್ಟು ಸಿಗುತ್ತಾರೆ. ಬೆಡ್ಡು ಕೆರೆಯುವವರು ಸಿಗುವುದು ಕಷ್ಟ. ಬೆಡ್ಡು ಸವೆದ ಯಂತ್ರ ಬದಲಿಯ ಕಡೆಗೆ ವಾಲುವುದಕ್ಕೆ ಇದೂ ಒಂದು ಕಾರಣ.

ಕಂತು ಮತ್ತು ತೆರಿಗೆ

ಹೊಸ ಯಂತ್ರದ ಬೆಲೆಯ ಅರ್ಧಕ್ಕಿಂತ ಹೆಚ್ಚು ರಿಪೇರಿಗೆ ತಗುಲಿದರೆ ಬಿಟ್ಟುಬಿಡಿ ಎಂಬ ಮಾತು ಉದ್ಯಮದಲ್ಲಿ ರೂಢಿಯಲ್ಲಿದೆ. ಈ ಸೂತ್ರವನ್ನು ನಂಬಿ ಕೆಟ್ಟವರೂ ಇರಬಹುದು. ಏಕೆಂದರೆ ಅದು ಯಂತ್ರ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಕೇಳುವುದೇ ಇಲ್ಲ. ಹೊಸ ಯಂತ್ರಕ್ಕೆ 20 ಲಕ್ಷ ರೂಪಾಯಿ ಸಾಲ, ಶೇ 11ರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 43,500 ರೂಪಾಯಿ ಬರುತ್ತದೆ. ತಿಂಗಳಿಗೆ 25 ದಿನ, ಎರಡು ಪಾಳಿ, ಅಂದರೆ 400 ಗಂಟೆ ಓಡಿದರೆ ಗಂಟೆಗೆ ಹೆಚ್ಚುಕಡಿಮೆ 109 ರೂಪಾಯಿ ಕಂತಿಗೇ ಹೋಯಿತು. ಒಂದೇ ಪಾಳಿ ಓಡುವ ವರ್ಕ್‌ಶಾಪಿನಲ್ಲಿ ಅದು 217 ರೂಪಾಯಿ. ವಿದ್ಯುತ್ತು, ಟೂಲು, ಕೂಲಿ ಎಲ್ಲ ಇದರ ಮೇಲೆ. ಒಂದು ಪಾಳಿಯ ಕೆಲಸವಷ್ಟೇ ಇರುವವನಿಗೆ ಅರ್ಧ ಬೆಲೆಯ ರಿಪೇರಿಯೂ ಲಾಭವಾಗಬಹುದು. ಎರಡು ಪಾಳಿ ತುಂಬಿದವನಿಗೆ, ಬೋರ್ಡು ಬರುವವರೆಗೆ ವಾರಗಟ್ಟಲೆ ಯಂತ್ರ ನಿಂತರೆ ಕಾಲು ಬೆಲೆಯ ರಿಪೇರಿಯೂ ನಷ್ಟವೇ.

ಸರ್ಕಾರದ ನೀತಿಗಳ ಒಲವು ಮಾತ್ರ ಹೊಸದರ ಕಡೆಗೇ ಇತ್ತು. ಸಣ್ಣ ಉದ್ಯಮಗಳ ಆಧುನೀಕರಣಕ್ಕೆಂದು 2000ದಲ್ಲಿ ಬಂದ ಸಾಲ ಸಂಪರ್ಕಿತ ಬಂಡವಾಳ ಸಹಾಯಧನ ಯೋಜನೆ 2005ರ ಪರಿಷ್ಕರಣೆಯ ನಂತರ ಒಂದು ಕೋಟಿ ರೂಪಾಯಿವರೆಗಿನ ಯಂತ್ರಗಳಿಗೆ ಶೇ 15ರಷ್ಟು, ಅಂದರೆ ಗರಿಷ್ಠ 15 ಲಕ್ಷ ರೂಪಾಯಿ ಕೊಡುತ್ತಿತ್ತು. ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ಅದು ದಕ್ಕುತ್ತಿರಲಿಲ್ಲ. ಹಳೆಯದನ್ನೇ ಗಟ್ಟಿಮಾಡಿಕೊಂಡವನಿಗೆ ಅದರಿಂದ ಏನೂ ಇರಲಿಲ್ಲ. ಹೊಸ ತಂತ್ರಜ್ಞಾನ ಬರಲಿ ಎಂಬ ಉದ್ದೇಶ ಸರಿಯೇ, ಆದರೆ ಒಳ್ಳೆಯ ಎರಕದ ಮೇಲೆ ಹೊಸ ನಿಯಂತ್ರಕ ಕೂರಿಸಿದರೆ ಅದೂ ಹೊಸ ತಂತ್ರಜ್ಞಾನವಲ್ಲವೇ?

ತೆರಿಗೆಯಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಮಿನಂತೆ ಯಂತ್ರದ ಚಾಲ್ತಿ ದುರಸ್ತಿಯ ಖರ್ಚನ್ನು ಆ ವರ್ಷವೇ ಪೂರ್ತಿ ಕಳೆಯಬಹುದಾಗಿತ್ತು. ಹೊಸ ಯಂತ್ರವಾದರೆ ಸವಕಳಿ ಮಾತ್ರ, ಸಾಮಾನ್ಯ ಯಂತ್ರಗಳಿಗೆ ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇ 15. ಹಾಗಾದರೆ ದುರಸ್ತಿ ಎಲ್ಲಿ ಮುಗಿದು ಬದಲಿ ಎಲ್ಲಿ ಆರಂಭವಾಗುತ್ತದೆ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಮಿಳುನಾಡಿನ ಸರವಣ ನೂಲಿನ ಗಿರಣಿಯ ಪ್ರಕರಣದಲ್ಲಿ, ಗಿರಣಿ ಇಡಿಯಾಗಿ ಒಂದೇ ಯಂತ್ರ, ಅದರೊಳಗಿನ ರಿಂಗ್ ಫ್ರೇಮ್ ಬದಲಿಸಿದ್ದು ದುರಸ್ತಿಯಷ್ಟೇ ಎಂಬುದು ಮಾಲೀಕರ ವಾದ. 2007ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಪ್ರತಿ ರಿಂಗ್ ಫ್ರೇಮ್ ತನ್ನಷ್ಟಕ್ಕೇ ಒಂದು ಯಂತ್ರ, ಅದನ್ನು ಬದಲಿಸುವುದು ಚಾಲ್ತಿ ದುರಸ್ತಿಯಲ್ಲ ಎಂದಿತು. ಇರುವ ಆಸ್ತಿಯನ್ನು ಕಾಪಾಡುವ ಖರ್ಚು ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ಖರ್ಚು ಬಂಡವಾಳ ಎಂಬುದು ಅಲ್ಲಿನ ಗೆರೆ. ಬಾಲ್‌ಸ್ಕ್ರೂ ಬದಲಿಸಿದರೆ ಅನುಮಾನವಿಲ್ಲ. ಹಳೆಯ ಲೇತಿಗೆ ಹೊಸ ನಿಯಂತ್ರಕ, ಹೊಸ ಮೋಟಾರು ಹಾಕಿಸಿದರೆ ಗೆರೆಯ ಯಾವ ಕಡೆ ಎಂಬುದನ್ನು ಲೆಕ್ಕಪರಿಶೋಧಕರೊಡನೆ ಮೊದಲೇ ಕೂತು ಮಾತಾಡುವುದು ಕ್ಷೇಮ.

ಗುಬ್ಬಿಯ ದಾರಿ

ಒಂದು ಕಾಲಕ್ಕೆ ಗುಬ್ಬಿ ಎಂದರೆ ಅಡಿಕೆಯ ವ್ಯಾಪಾರ ಮತ್ತು ವೀರಣ್ಣನವರ ನಾಟಕ ಕಂಪನಿ. ಈಗ ಆ ಹೆಸರಿಗೆ ಹೆಲಿಕಾಪ್ಟರೂ ಸೇರಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಪ್ರಧಾನಿ ಉದ್ಘಾಟಿಸಿದರು. ಗಡಿಯಾರ ಕಾರ್ಖಾನೆ ಮುಚ್ಚಲು ಸಂಪುಟ ಒಪ್ಪಿದ ತಿಂಗಳೇ ಗುಬ್ಬಿಯಲ್ಲಿ ಕಲ್ಲು ಇಟ್ಟದ್ದು ಕಾಕತಾಳೀಯ. ಇತ್ತ ವಸಂತನರಸಾಪುರದಲ್ಲಿ ಸುಮಾರು 530 ಎಕರೆಯ ಮೆಷಿನ್ ಟೂಲ್ ಪಾರ್ಕ್ ರೂಪುಗೊಂಡಿದೆ. ಯಂತ್ರ ಬಳಸುತ್ತಿದ್ದ ಜಿಲ್ಲೆ ಯಂತ್ರ ಮಾಡುವ ಜಿಲ್ಲೆಯೂ ಆಗಬೇಕೆಂಬುದು ಅದರ ಹಿಂದಿನ ಯೋಚನೆ.

ಇದರಿಂದ ರಿಪೇರಿಯ ಲೆಕ್ಕವೂ ಬದಲಾಗುತ್ತದೆ. ವಿಮಾನ, ಹೆಲಿಕಾಪ್ಟರಿನ ಜಾಬ್ ಕೊಡುವವರು ಅಳತೆ ಸರಿಯಿದ್ದರೆ ಸಾಲದು ಎನ್ನುತ್ತಾರೆ. ಯಾವ ಯಂತ್ರದಲ್ಲಿ ಮಾಡಿದ್ದು, ಅದನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಸಾವಿರದ ಒಂದನೇ ತುಂಡೂ ಮೊದಲನೆಯದರಂತೆ ಬರುವುದೆಂಬುದಕ್ಕೆ ದಾಖಲೆ ಏನು ಎಂದು ಕೇಳುತ್ತಾರೆ. ಅನುಭವಿ ಟರ್ನರ್ ತನ್ನ ಹಳೆಯ ಯಂತ್ರದ ಓರೆಕೋರೆ ತಿಳಿದು, ಟೂಲನ್ನು ಅತ್ತಿತ್ತ ಸರಿಸಿ, ಹತ್ತು ಮೈಕ್ರಾನಿನೊಳಗೆ ಜಾಬ್ ತೆಗೆಯಬಲ್ಲ. ಅವನ ಕೈಚಳಕಕ್ಕೆ ಸರ್ಟಿಫಿಕೇಟ್ ಸಿಗುವುದಿಲ್ಲ. ಆ ಕೆಲಸಕ್ಕೆ ಹೋಗುವವರು ಹೊಸದನ್ನು ತರಲೇಬೇಕು, ಇಲ್ಲವೇ ಸಂಪೂರ್ಣ ಪುನರ್ನಿರ್ಮಾಣ ಮಾಡಿಸಿ ಲೇಸರ್ ಅಳತೆಯ ವರದಿ ಇಟ್ಟುಕೊಳ್ಳಬೇಕು. ಪಂಪು, ಕೃಷಿ ಉಪಕರಣದ ಬಿಡಿಭಾಗ ಮಾಡುವವರಿಗೆ ಈ ಒತ್ತಡವಿಲ್ಲ. ಅವರ ಹಳೆಯ ಯಂತ್ರ ಇನ್ನೂ ಬಹಳ ದಿನ ನಡೆದೀತು. ಪೆಟ್ರೋಲ್ ಎಂಜಿನ್ನಿನ ಬಿಡಿಭಾಗವನ್ನೇ ನೆಚ್ಚಿಕೊಂಡವರು ಮಾತ್ರ, ವಿದ್ಯುತ್ ವಾಹನಗಳು ರಸ್ತೆಗೆ ಇಳಿದಿರುವ ಈ ಹೊತ್ತಿನಲ್ಲಿ, ಹೊಸ ಯಂತ್ರಕ್ಕೆ ಸಾಲ ಮಾಡುವ ಮುನ್ನ ಗಡಿಯಾರ ಕಾರ್ಖಾನೆಯನ್ನು ಒಮ್ಮೆ ನೆನೆಯಬೇಕು. ಹೊಸ ಯಂತ್ರ ತಂದ ಮಾತ್ರಕ್ಕೆ ಜಾಬ್ ಹೊಸದಾಗುವುದಿಲ್ಲ.

ರಿಪೇರಿ, ಬದಲಿ ಎರಡರ ನಡುವೆ ಮೂರನೆಯ ದಾರಿಯೊಂದೂ ಇದೆ. ಹಳೆಯ ಯಂತ್ರವನ್ನು ಮಾರದೆ ಒರಟು ಕೆಲಸಕ್ಕೆ ಇಳಿಸುವುದು. ಹೊರಗಿನ ದಪ್ಪ ಲೋಹವನ್ನು ಅದು ಕೊಯ್ದು ಕೊಡುತ್ತದೆ, ಕೊನೆಯ ನವಿರು ಅಳತೆಯನ್ನು ಹೊಸ ಯಂತ್ರ ತೆಗೆಯುತ್ತದೆ. ಹೊಸದರ ಸ್ಪಿಂಡಲಿಗೆ ಹೊರೆ ಕಡಿಮೆ, ಹಳೆಯದರ ಸಡಿಲಕ್ಕೆ ಇಲ್ಲಿ ಅಡ್ಡಿಯಿಲ್ಲ. ಇದಕ್ಕೆ ಬೇಕಾದದ್ದು ಶೆಡ್ಡಿನಲ್ಲಿ ಒಂದಿಷ್ಟು ಜಾಗ ಮತ್ತು ಬ್ಯಾಟರಿಯ ಮೇಲೆ ಒಂದು ಕಣ್ಣು. ಜಾಗವೂ ಇಲ್ಲದಿದ್ದರೆ ಕೊನೆಗೆ ಗುಜರಿ. ಅಲ್ಲಿ ಮೈಕ್ರಾನಿನ ಮಾತಿಲ್ಲ, ಎರಕಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ.